ಹಣವಿದೆ, ಗಿರಾಕಿಗಳಿದ್ದಾರೆ, ಆದರೂ ಎಲೆಕ್ಟ್ರಿಕ್ ಕಾರು ಏಕೆ ತಡ?

ಪ್ರಶ್ನೆ: ನಾನು ದಾವಣಗೆರೆಯವನು. ಎಲೆಕ್ಟ್ರಿಕ್ ಕಾರೊಂದನ್ನು ಬುಕ್ ಮಾಡಿ ಏಳು ತಿಂಗಳಾಯಿತು. ಶೋರೂಮಿನವರು ಎರಡು ಸಲ ತಾರೀಖು ಮುಂದೆ ಹಾಕಿದ್ದಾರೆ. ಈ ಕಾರುಗಳಲ್ಲಿ ಎಂಜಿನ್ ಇಲ್ಲ, ಗೇರುಗಳ ಗೋಜಿಲ್ಲ, ಬಿಡಿಭಾಗಗಳೂ ಕಡಿಮೆ ಎನ್ನುತ್ತಾರೆ. ಹಾಗಿದ್ದ ಮೇಲೆ ತಯಾರಿಕೆ ಸುಲಭವಾಗಬೇಕಲ್ಲವೇ? ಲಕ್ಷಗಟ್ಟಲೆ ಜನ ಮುಂಗಡ ಕೊಟ್ಟು ಕಾಯುತ್ತಿದ್ದಾಗಲೂ ಟೆಸ್ಲಾದಂಥ ಕಂಪನಿ ಹೇಳಿದ ಸಮಯಕ್ಕೆ ಕಾರು ಕೊಡಲಾರದೆ ನಷ್ಟ ಅನುಭವಿಸಿತು ಎಂದು ಓದಿದ್ದೇನೆ. ಹಣ, ಗಿರಾಕಿ ಎರಡೂ ಇದ್ದ ಮೇಲೆ ತೊಡಕು ಎಲ್ಲಿರುತ್ತದೆ?

ಉತ್ತರ: ಬಿಡಿಭಾಗಗಳು ಕಡಿಮೆ ಎಂಬುದು ನಿಜ. ಆದರೆ ಕಾರ್ಖಾನೆಯ ವೇಗವನ್ನು ನಿರ್ಧರಿಸುವುದು ಭಾಗಗಳ ಎಣಿಕೆಯಲ್ಲ, ಇರುವ ಭಾಗಗಳ ಪೈಕಿ ಅತ್ಯಂತ ನಿಧಾನವಾಗಿ ಬರುವ ಒಂದು ಭಾಗ. ಪೆಟ್ರೋಲ್ ಎಂಜಿನ್ ಎಷ್ಟೇ ಜಟಿಲವಾಗಿದ್ದರೂ ಅದನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮಾಡುವ ವಿದ್ಯೆಗೆ ನೂರು ವರ್ಷಗಳ ಅನುಭವವಿದೆ. ಅದರ ಪಿಸ್ಟನ್ನಿನಿಂದ ಹಿಡಿದು ವಾಷರಿನವರೆಗೆ ಪ್ರತಿಯೊಂದನ್ನೂ ಕಣ್ಣು ಮುಚ್ಚಿಕೊಂಡು ಮಾಡಬಲ್ಲ ಸರಬರಾಜುದಾರರು ಪೀಣ್ಯದಲ್ಲಿಯೂ ಇದ್ದಾರೆ, ಪುಣೆಯಲ್ಲಿಯೂ ಇದ್ದಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಎಲ್ಲ ಭಾಗಗಳನ್ನು ತೆಗೆದುಹಾಕಿ ಅವುಗಳ ಜಾಗಕ್ಕೆ ತಂದಿರುವ ಬ್ಯಾಟರಿಗೆ ಅಂಥ ಹಿನ್ನೆಲೆ ಇನ್ನೂ ಬೆಳೆಯುತ್ತಿದೆ.

ನೀವೇ ಟೆಸ್ಲಾದ ಹೆಸರು ಎತ್ತಿರುವುದರಿಂದ ಅದನ್ನೇ ಹಿಡಿದು ವಿವರಿಸುತ್ತೇನೆ. ಷೇರುಪೇಟೆಯಲ್ಲಿರುವ ಕಂಪನಿಯಾದ್ದರಿಂದ ಪ್ರತಿ ಮೂರು ತಿಂಗಳಿಗೊಮ್ಮೆ ಅದು ಲೆಕ್ಕ ಒಪ್ಪಿಸಬೇಕಾಗಿತ್ತು. ಹೀಗಾಗಿ ಒಂದು ಕಾರಿನ ಉತ್ಪಾದನೆ ಸೊನ್ನೆಯಿಂದ ಮೇಲೇರಿದ ಬಗೆಯನ್ನು ಅಂಕಿಗಳಲ್ಲಿ ನೋಡುವ ಅವಕಾಶ ನಮಗೆ ದೊರೆತಿದೆ.

ಮಾಡೆಲ್ 3 ಎಂಬ ಕಾರನ್ನು 2016ರ ಮಾರ್ಚ್ 31ರಂದು ಪ್ರದರ್ಶಿಸಿದಾಗ ಅದರ ಆರಂಭಿಕ ಬೆಲೆ 35,000 ಡಾಲರ್ ಎಂದು ಘೋಷಿಸಲಾಯಿತು. ಒಂದು ಸಾವಿರ ಡಾಲರ್ ಮುಂಗಡ ಕೊಟ್ಟು ಒಂದೇ ವಾರದಲ್ಲಿ 3,25,000 ಜನ ಹೆಸರು ಬರೆಸಿದರು. ಈ ಸಂಭ್ರಮದಲ್ಲಿ ಕಂಪನಿ ಒಂದು ನಿರ್ಧಾರ ಮಾಡಿತು. ವರ್ಷಕ್ಕೆ ಐದು ಲಕ್ಷ ಕಾರು ತಯಾರಿಸುವ ಗುರಿಯನ್ನು 2020ಕ್ಕೆ ಇಟ್ಟುಕೊಂಡಿದ್ದ ಅದು, 2016ರ ಮೇ ತಿಂಗಳಲ್ಲಿ ಅದನ್ನು 2018ಕ್ಕೆ ಎಳೆದುಕೊಂಡಿತು. 2017ರ ಜುಲೈ ಕೊನೆಯಲ್ಲಿ ಮೊದಲ ಮೂವತ್ತು ಕಾರುಗಳ ಹಸ್ತಾಂತರವಾಯಿತು. ಅದೇ ಸಮಾರಂಭದಲ್ಲಿ ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಇನ್ನು ಕನಿಷ್ಠ ಆರು ತಿಂಗಳು ಉತ್ಪಾದನೆಯ ನರಕದಲ್ಲಿರುತ್ತೇವೆ ಎಂದು ಸಿಬ್ಬಂದಿಗೆ ಹೇಳಿದ್ದರು. ಅಷ್ಟು ತಿಳಿದೂ ಡಿಸೆಂಬರ್ ಹೊತ್ತಿಗೆ ತಿಂಗಳಿಗೆ 20,000 ಕಾರು ಹೊರಬರಬಹುದು ಎಂಬ ಅವರ ಅಂದಾಜು ಮಾತ್ರ ಹಾಗೆಯೇ ಉಳಿದಿತ್ತು.

ಆದದ್ದು ಹೀಗೆ: 2017ರ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ತಯಾರಾದ ಮಾಡೆಲ್ 3 ಕಾರುಗಳು 260. ಮುಂದಿನ ಮೂರು ತಿಂಗಳಲ್ಲಿ 2,425. ಅನಂತರದ ತ್ರೈಮಾಸಿಕಗಳಲ್ಲಿ ಕ್ರಮವಾಗಿ 9,766, 28,578, 53,239 ಮತ್ತು 61,394. ಈ ಸಾಲನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಮೊದಲ ಹೆಜ್ಜೆಯಲ್ಲಿ ಒಂಬತ್ತು ಪಟ್ಟು ಏರಿಕೆ, ಎರಡನೆಯದರಲ್ಲಿ ನಾಲ್ಕು ಪಟ್ಟು, ಮೂರನೆಯದರಲ್ಲಿ ಸುಮಾರು ಮೂರು ಪಟ್ಟು, ಕೊನೆಯದರಲ್ಲಿ ನೂರಕ್ಕೆ ಹದಿನೈದರಷ್ಟು ಮಾತ್ರ. ಬಹುಪಾಲು ಕಾರ್ಖಾನೆಗಳ ಉತ್ಪಾದನೆ ಹೀಗೆಯೇ ಏರುತ್ತದೆ: ಬಹಳ ಕಾಲ ನೆಲದಲ್ಲೇ ತೆವಳಿ, ಆಮೇಲೆ ಒಮ್ಮೆಲೇ ಜಿಗಿದು, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ತೆವಳುವ ಕಾಲ ಎಷ್ಟು ದಿನದ್ದು ಎಂಬುದನ್ನು ಮೊದಲೇ ಹೇಳುವುದು ಯಾರಿಗೂ ಕಷ್ಟ. ಇದು ತೀರಾ ಮುಖ್ಯವಾದ ಮಾತು, ಏಕೆಂದರೆ ಶೋರೂಮಿನವರು ನಿಮಗೆ ಕೊಡುವ ತಾರೀಖು ಸಾಮಾನ್ಯವಾಗಿ ಆ ಅವಧಿಯ ಕುರಿತಾದ ಒಂದು ಊಹೆಯ ಮೇಲೆ ನಿಂತಿರುತ್ತದೆ.

ಇನ್ನು ತೊಡಕು ಎಲ್ಲಿತ್ತು ಎಂಬುದಕ್ಕೆ ಬರೋಣ. ಮಾಡೆಲ್ 3ರ ಹೆಚ್ಚು ದೂರ ಓಡುವ ಮಾದರಿಯ ಬ್ಯಾಟರಿಯೊಳಗೆ 4,416 ಸಣ್ಣ ಸೆಲ್‌ಗಳಿದ್ದವು. ಪ್ರತಿಯೊಂದೂ 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ ಶೆಲ್ಲಿಗಿಂತ ಒಂದಿಷ್ಟು ದೊಡ್ಡದು. ವಾರಕ್ಕೆ ಐದು ಸಾವಿರ ಕಾರು ಎಂದರೆ ವಾರಕ್ಕೆ ಎರಡು ಕೋಟಿ ಇಪ್ಪತ್ತು ಲಕ್ಷ ಸೆಲ್ ಬೇಕು. ಹಗಲು ರಾತ್ರಿ ಬಿಡುವಿಲ್ಲದೆ ನಡೆಸಿದರೂ ಸೆಕೆಂಡಿಗೆ ಮೂವತ್ತಾರು ಸೆಲ್ ತಯಾರಾಗಬೇಕು, ಪರೀಕ್ಷೆಯಲ್ಲಿ ಪಾಸಾಗಬೇಕು, ಸಾಲಾಗಿ ನಿಲ್ಲಬೇಕು, ಬೆಸುಗೆಯಾಗಬೇಕು. ಲಕ್ಷಕ್ಕೆ ಒಂದೇ ಒಂದು ಸೆಲ್ ಕೆಟ್ಟು ಬರುತ್ತದೆ ಎಂದಿಟ್ಟುಕೊಂಡರೂ, ಪ್ರತಿ ನೂರು ಕಾರುಗಳಲ್ಲಿ ನಾಲ್ಕರ ಬ್ಯಾಟರಿಯಲ್ಲಿ ಒಂದು ಕೆಟ್ಟ ಸೆಲ್ ಕುಳಿತಿರುತ್ತದೆ. ಲಕ್ಷಕ್ಕೆ ಒಂದು ಎನ್ನುವುದು ನಾನು ಕೆಲಸ ಮಾಡಿದ ಯಂತ್ರೋಪಕರಣಗಳ ಲೋಕದಲ್ಲಿ ಬೆನ್ನು ತಟ್ಟಿಸಿಕೊಳ್ಳುವಂಥ ಗುಣಮಟ್ಟ. ಇಲ್ಲಿ ಅದು ಸಾಲುವುದಿಲ್ಲ.

ಈ ಸೆಲ್‌ಗಳನ್ನು ಒಟ್ಟುಗೂಡಿಸಿ ಮಾಡ್ಯೂಲ್ ಎಂಬ ಕಂತೆಗಳನ್ನು ಕಟ್ಟುವ ಕೆಲಸ ನೆವಾಡದ ಕಾರ್ಖಾನೆಯಲ್ಲಿ ನಡೆಯುತ್ತಿತ್ತು. ಆ ಲೈನನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದ್ದರು. ಎರಡನೆಯ ವಲಯದ ಸ್ವಯಂಚಾಲಿತ ವ್ಯವಸ್ಥೆಯನ್ನು ಹೊರಗಿನ ಗುತ್ತಿಗೆದಾರರಿಗೆ ಒಪ್ಪಿಸಲಾಗಿತ್ತು. ಅದು ಕೈಕೊಟ್ಟಾಗ ಅದರ ಸಾಫ್ಟ್‌ವೇರನ್ನು ಮೊದಲಿನಿಂದ ಬರೆಯಬೇಕಾಯಿತು. ಕಾರಿನ ಬಾಡಿ, ಬಣ್ಣ, ಸೀಟುಗಳನ್ನು ನೋಡಿಕೊಳ್ಳುತ್ತಿದ್ದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆ ಎಷ್ಟೇ ಸಜ್ಜಾಗಿದ್ದರೂ ಬ್ಯಾಟರಿ ಬಾರದ ಹೊರತು ಕಾರು ಹೊರಗೆ ಹೋಗುವಂತಿರಲಿಲ್ಲ. ಕೊನೆಗೆ ಟೆಸ್ಲಾ ತಾನು ಖರೀದಿಸಿದ್ದ ಜರ್ಮನಿಯ ಗ್ರೋಮನ್ ಎಂಬ ಯಂತ್ರ ತಯಾರಿಕಾ ಸಂಸ್ಥೆಯಲ್ಲಿ ಹೊಸ ಲೈನನ್ನು ಮಾಡಿಸಿ, ವಿಮಾನದಲ್ಲಿ ನೆವಾಡಕ್ಕೆ ತರಿಸಿಕೊಂಡಿತು. ಕಾರ್ಖಾನೆಯ ಯಂತ್ರಗಳನ್ನು ಯಾರೂ ಸುಮ್ಮಸುಮ್ಮನೆ ವಿಮಾನದಲ್ಲಿ ತರಿಸುವುದಿಲ್ಲ. ಹಡಗಿನಲ್ಲಿ ಕಳೆಯುವ ವಾರಗಳ ಬೆಲೆ ವಿಮಾನದ ಬಾಡಿಗೆಗಿಂತ ಹೆಚ್ಚು ಎಂದು ಲೆಕ್ಕ ಹಾಕಿದ ಮೇಲೆ ಮಾತ್ರ ಆ ದಾರಿ ಹಿಡಿಯುತ್ತಾರೆ.

ಒಂದೇ ಜಾಗ ಕೆಟ್ಟರೆ ಇಡೀ ಕಾರ್ಖಾನೆ ಏಕೆ ನಿಲ್ಲಬೇಕು ಎಂದು ನೀವು ಕೇಳಬಹುದು. ಸಾಲಾಗಿ ಇಪ್ಪತ್ತು ಯಂತ್ರಗಳಿವೆ, ಒಂದರ ಕೆಲಸ ಮುಗಿದ ಮೇಲೆಯೇ ಮುಂದಿನದಕ್ಕೆ ಮಾಲು ಹೋಗುತ್ತದೆ, ಮಧ್ಯೆ ದಾಸ್ತಾನು ಇಡಲು ಜಾಗವಿಲ್ಲ ಎಂದುಕೊಳ್ಳಿ. ಪ್ರತಿಯೊಂದು ಯಂತ್ರವೂ ನೂರು ಗಂಟೆಗಳಲ್ಲಿ ತೊಂಬತ್ತೆಂಟು ಗಂಟೆ ಸರಿಯಾಗಿ ನಡೆದರೆ ಇಡೀ ಸಾಲು ನಡೆಯುವುದು ಸುಮಾರು ಅರವತ್ತೇಳು ಗಂಟೆ. ಪ್ರತಿ ಯಂತ್ರದ ಸಾಮರ್ಥ್ಯ ತೊಂಬತ್ತೈದಕ್ಕೆ ಇಳಿದರೆ ಸಾಲು ನಡೆಯುವುದು ಮೂವತ್ತಾರು ಗಂಟೆ ಮಾತ್ರ. ಹೊಸ ಕಾರ್ಖಾನೆಯಲ್ಲಿ ಮೊದಲ ತಿಂಗಳು ತೊಂಬತ್ತೈದು ಎನ್ನುವುದೇ ಉದಾರವಾದ ಅಂದಾಜು. ಅಲ್ಲಿಂದ ತೊಂಬತ್ತೆಂಟಕ್ಕೆ, ತೊಂಬತ್ತೊಂಬತ್ತೂವರೆಗೆ ಏರಿಸುವ ಕೆಲಸ ಹಣ ಕೊಟ್ಟು ತರುವಂಥದ್ದಲ್ಲ. ಒಂದೊಂದೇ ದೋಷವನ್ನು ಹುಡುಕಿ ತೆಗೆಯುವಂಥದ್ದು.

ಹಾಗೆ ದೋಷ ಹುಡುಕುವುದು ಎಂದರೆ ಏನು ಎಂಬುದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ಹಿಂದೆ ನಾನಿದ್ದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಮೋಟಾರಿನ ಅಲ್ಯೂಮಿನಿಯಂ ಹೊರಕವಚವನ್ನು ಮಾಡುವ ಆರ್ಡರ್ ಬಂದಿತ್ತು. ಬೇರಿಂಗ್ ಕೂರುವ ರಂಧ್ರ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗದೊಳಗೆ ದುಂಡಗಿರಬೇಕಿತ್ತು. ಟ್ರಯಲ್ ಲಾಟಿನ ಐವತ್ತು ಪೀಸುಗಳೂ ಪಾಸಾದವು. ಮೂರು ಶಿಫ್ಟಿಗೆ ಹತ್ತಿದ ವಾರದಲ್ಲೇ ನೂರಕ್ಕೆ ಇಪ್ಪತ್ತು ರಿಜೆಕ್ಷನ್. ಟೂಲ್ ಬದಲಿಸಿದೆವು, ಕೂಲೆಂಟ್ ಬದಲಿಸಿದೆವು, ಎರಕ ಹೊಯ್ದವರೊಡನೆ ಜಗಳವೂ ಆಯಿತು. ವಿಚಿತ್ರವೆಂದರೆ ಯಂತ್ರದ ಮೇಲಿರುವಾಗ ಅಳೆದರೆ ರಂಧ್ರ ಸರಿಯಾಗಿಯೇ ಇರುತ್ತಿತ್ತು. ಕೆಳಗಿಳಿಸಿ ಅಳೆದರೆ ಮೊಟ್ಟೆಯಾಕಾರ. ಕೊನೆಗೆ ಗೊತ್ತಾಯಿತು: ಟ್ರಯಲ್ ಸಮಯದಲ್ಲಿ ಕೆಲಸ ಮಾಡಿದ್ದ ಹಿರಿಯ ಆಪರೇಟರು ಕ್ಲ್ಯಾಂಪನ್ನು ಕೈಯಿಂದ, ಪೀಸಿನ ಗೋಡೆ ತೆಳ್ಳಗಿದೆ ಎಂದು ಅಂದಾಜಿಸಿ, ಹಗುರವಾಗಿ ಬಿಗಿಯುತ್ತಿದ್ದರು. ಉತ್ಪಾದನೆಗೆಂದು ತಂದ ಹೈಡ್ರಾಲಿಕ್ ಫಿಕ್ಸ್‌ಚರಿಗೆ ಅಂಥ ಅಂದಾಜು ಇರಲಿಲ್ಲ. ಅದು ಪ್ರತಿ ಪೀಸನ್ನೂ ಒಂದೇ ಬಲದಿಂದ ಒತ್ತಿಹಿಡಿಯುತ್ತಿತ್ತು, ಹಿಡಿತ ಬಿಟ್ಟೊಡನೆ ಅಲ್ಯೂಮಿನಿಯಂ ತನ್ನ ಪಾಡಿಗೆ ತಾನು ಹಿಂದಕ್ಕೆ ಸರಿಯುತ್ತಿತ್ತು. ಕೊನೆಯ ಕಟಿಂಗಿಗೆ ಒತ್ತಡ ಇಳಿಸಿ, ಒತ್ತುವ ಪ್ಯಾಡುಗಳ ಜಾಗ ಬದಲಿಸಿದ್ದಾಯಿತು. ಇಷ್ಟಕ್ಕೆ ಏಳು ವಾರ ಹಿಡಿಯಿತು. ಇದು ಒಂದು ಭಾಗದ, ಒಂದು ರಂಧ್ರದ ಕಥೆ. ಕಾರಿನಲ್ಲಿ ಇಂಥವು ಸಾವಿರಾರು ಇರುತ್ತವೆ. ಹಣ ಎಷ್ಟಿದ್ದರೂ ಆ ಏಳು ವಾರವನ್ನು ಎರಡು ವಾರ ಮಾಡಲು ನಮಗೆ ಸಾಧ್ಯವಾಗುತ್ತಿರಲಿಲ್ಲ.

ಟೆಸ್ಲಾದಲ್ಲಿಯೂ ಇದೇ ಬಗೆಯ ಘಟನೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬ್ಯಾಟರಿಯ ಮೇಲೆ ಗಾಜಿನ ನಾರಿನ ಚಾಪೆಯೊಂದನ್ನು ಹೊದಿಸಲು ರೋಬೋಟ್ ಇಟ್ಟಿದ್ದರು. ನಾರಿನ ಚಾಪೆ ಮೆತ್ತಗಿರುವುದರಿಂದ ರೋಬೋಟಿಗೆ ಅದು ಸರಿಯಾಗಿ ಸಿಗುತ್ತಿರಲಿಲ್ಲ, ಎತ್ತಿದರೆ ಜಾರುತ್ತಿತ್ತು, ಲೈನು ಪದೇ ಪದೇ ನಿಲ್ಲುತ್ತಿತ್ತು. ರೋಬೋಟನ್ನು ಸರಿಪಡಿಸಲು, ಅದರ ವೇಗ ಹೆಚ್ಚಿಸಲು ಸಾಕಷ್ಟು ಶ್ರಮಪಟ್ಟ ಮೇಲೆ ಈ ಚಾಪೆ ಇರುವುದಾದರೂ ಏಕೆ ಎಂದು ಮಸ್ಕ್ ವಿಚಾರಿಸಿದರು. ಬ್ಯಾಟರಿ ವಿಭಾಗದವರು ಅದು ಸದ್ದು ತಡೆಯಲು ಎಂದರು. ಸದ್ದು ನೋಡಿಕೊಳ್ಳುವ ವಿಭಾಗದವರು ಬೆಂಕಿ ತಡೆಯಲು ಎಂದರು. ಚಾಪೆ ಇರುವ ಕಾರು, ಇಲ್ಲದ ಕಾರು ಎರಡರಲ್ಲೂ ಮೈಕ್ ಇಟ್ಟು ಕೇಳಿದಾಗ ವ್ಯತ್ಯಾಸವೇ ತಿಳಿಯಲಿಲ್ಲ. ಚಾಪೆಯೂ ಹೋಯಿತು, ರೋಬೋಟೂ ಹೋಯಿತು. 2018ರ ಏಪ್ರಿಲಿನಲ್ಲಿ ಮಸ್ಕ್, ಅತಿಯಾದ ಯಾಂತ್ರೀಕರಣ ತಪ್ಪು, ಅದು ತನ್ನದೇ ತಪ್ಪು ಎಂದು ಬಹಿರಂಗವಾಗಿ ಬರೆದುಕೊಂಡರು. ಜೂನ್ ತಿಂಗಳಲ್ಲಿ ಕಾರ್ಖಾನೆಯ ಅಂಗಳದಲ್ಲಿ ಸುಮಾರು ಮೂರೇ ವಾರಗಳಲ್ಲಿ ದೊಡ್ಡದೊಂದು ಡೇರೆ ಹಾಕಿ, ಅದರೊಳಗೆ ಹೆಚ್ಚು ಕೈಕೆಲಸದ ಜೋಡಣಾ ಲೈನನ್ನು ಆರಂಭಿಸಿದರು. ಆ ತಿಂಗಳ ಕೊನೆಯ ಏಳು ದಿನಗಳಲ್ಲಿ 5,031 ಕಾರುಗಳು ಹೊರಬಂದವು. ಅವುಗಳಲ್ಲಿ ಐದರಲ್ಲಿ ಒಂದರಷ್ಟು ಡೇರೆಯಲ್ಲಿ ಜೋಡಿಸಿದವು. ವಾರಕ್ಕೆ ಐದು ಸಾವಿರ ಎಂಬ ಆ ಗುರಿ ಮೂಲತಃ 2017ರ ಡಿಸೆಂಬರಿನದು. ಆರು ತಿಂಗಳು ತಡವಾಯಿತು.

ಈ ಆರು ತಿಂಗಳ ಬೆಲೆ ಎಷ್ಟು? 2017ರ ಜುಲೈನಿಂದ 2018ರ ಜೂನ್‌ವರೆಗಿನ ಒಂದು ವರ್ಷದಲ್ಲಿ ಟೆಸ್ಲಾದ ನಿವ್ವಳ ನಷ್ಟ ಸುಮಾರು 272 ಕೋಟಿ ಡಾಲರ್. ಅದೇ ಅವಧಿಯಲ್ಲಿ ತಯಾರಾದ ಮಾಡೆಲ್ 3 ಕಾರುಗಳು 41,029. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಕಾರಿಗೆ 66,000 ಡಾಲರ್ ಚಿಲ್ಲರೆ ಬರುತ್ತದೆ, ಅಂದರೆ ಕಾರಿನ ಘೋಷಿತ ಬೆಲೆಯ ಹೆಚ್ಚುಕಡಿಮೆ ಎರಡು ಪಟ್ಟು. ಇದು ಒರಟು ಲೆಕ್ಕ ಎಂಬುದನ್ನು ಒಪ್ಪುತ್ತೇನೆ. ಕಂಪನಿಗೆ ಬೇರೆ ಕಾರುಗಳೂ ಇದ್ದವು, ಸೌರಫಲಕಗಳ ವ್ಯವಹಾರವೂ ಇತ್ತು, ನಷ್ಟವನ್ನೆಲ್ಲ ಮಾಡೆಲ್ 3ರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಉತ್ಪಾದನೆ ಹಳಿಗೆ ಬಂದ ಮರು ತ್ರೈಮಾಸಿಕದಲ್ಲೇ ಅದೇ ಕಂಪನಿ 31 ಕೋಟಿ ಡಾಲರ್ ಲಾಭ ತೋರಿಸಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ನಷ್ಟದ ದೊಡ್ಡ ಪಾಲು ಎಲ್ಲಿಂದ ಬರುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮುಂಗಡದ ಹಣ ಇತ್ತಲ್ಲ ಎಂದಿರಿ. 2017ರ ಆಗಸ್ಟಿನಲ್ಲಿ ಬುಕಿಂಗ್ ಸಂಖ್ಯೆ ನಾಲ್ಕೂವರೆ ಲಕ್ಷ ದಾಟಿತ್ತು, ಅಂದರೆ ಸುಮಾರು 45 ಕೋಟಿ ಡಾಲರ್. ಕೇಳಿದರೆ ಹಿಂದಿರುಗಿಸಬೇಕಾದ ಹಣ ಅದು. ಅದೇ ವರ್ಷ ಯಂತ್ರ, ಕಟ್ಟಡಗಳಿಗೆ ಕಂಪನಿ ಹಾಕಿದ ಬಂಡವಾಳ ಸುಮಾರು 340 ಕೋಟಿ ಡಾಲರ್. ಉಳಿದದ್ದನ್ನು ಷೇರು ಮಾರಿ, ಬಾಂಡ್ ಮಾರಿ ಹೊಂದಿಸಬೇಕಾಯಿತು. 2017ರ ಆಗಸ್ಟಿನಲ್ಲಿ ಮಾರಿದ ಬಾಂಡುಗಳೇ 180 ಕೋಟಿ ಡಾಲರಿನವು. ಹಾಗೆ ನೋಡಿದರೆ ಫ್ರೀಮಾಂಟ್ ಕಾರ್ಖಾನೆಯೇ ಅಗ್ಗದಲ್ಲಿ ಸಿಕ್ಕಿತ್ತು. ಟೊಯೋಟ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ ನಡೆಸಿ ಮುಚ್ಚಿದ್ದ ಅದನ್ನು 2010ರಲ್ಲಿ ಟೆಸ್ಲಾ 4.2 ಕೋಟಿ ಡಾಲರಿಗೆ ಕೊಂಡಿತ್ತು. ನಮ್ಮಲ್ಲಿ ಟಾಟಾದವರು ಗುಜರಾತಿನ ಸಾನಂದದಲ್ಲಿರುವ ಫೋರ್ಡ್ ಕಾರ್ಖಾನೆಯನ್ನು 2023ರ ಜನವರಿಯಲ್ಲಿ ಸುಮಾರು ₹726 ಕೋಟಿಗೆ ಪಡೆದದ್ದೂ ಇದೇ ಜಾಣ್ಮೆ. ವರ್ಷಕ್ಕೆ ಮೂರು ಲಕ್ಷ ಕಾರು ಮಾಡಬಲ್ಲ ಕಾರ್ಖಾನೆಯನ್ನು ಬರಿಯ ನೆಲದ ಮೇಲೆ ಕಟ್ಟಲು ಹೊರಟರೆ ಆ ಹಣ ಬಹಳ ದೂರ ಬರುವುದಿಲ್ಲ, ಜೊತೆಗೆ ಎರಡು ಮೂರು ವರ್ಷಗಳೂ ಹೋಗುತ್ತವೆ.

ತಡವಾದಾಗ ಹಣ ಹೇಗೆ ಸೋರುತ್ತದೆ ಎಂಬುದನ್ನು ನಮ್ಮ ರೂಪಾಯಿಯಲ್ಲಿ ನೋಡೋಣ. ಮಹೀಂದ್ರ ಸಂಸ್ಥೆ 2024ರ ನವೆಂಬರಿನಲ್ಲಿ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳನ್ನು ಬಿಡುಗಡೆ ಮಾಡಿದಾಗ, ಅವುಗಳ ವಿನ್ಯಾಸ, ಸಾಫ್ಟ್‌ವೇರ್ ಮತ್ತು ವರ್ಷಕ್ಕೆ 90,000 ಕಾರು ಮಾಡುವ ಸಾಮರ್ಥ್ಯ ಎಲ್ಲವೂ ಸೇರಿ ₹4,500 ಕೋಟಿ ಹೂಡಿರುವುದಾಗಿ ಹೇಳಿತು. ಇಂಥದೊಂದು ಹೂಡಿಕೆಯನ್ನು ಏಳು ವರ್ಷಗಳಲ್ಲಿ ತೀರಿಸಿಕೊಳ್ಳಬೇಕು ಎಂದುಕೊಳ್ಳೋಣ. ಏಳು ವರ್ಷ ಎಂಬುದು ನನ್ನ ಊಹೆ, ಸಂಸ್ಥೆಯ ಲೆಕ್ಕವಲ್ಲ. ಬಡ್ಡಿ ಬಿಟ್ಟು ವರ್ಷಕ್ಕೆ ಸುಮಾರು ₹643 ಕೋಟಿ ಆಯಿತು. ತೊಂಬತ್ತು ಸಾವಿರ ಕಾರೂ ಹೊರಬಂದರೆ ಒಂದೊಂದರ ಮೇಲೆ ಬೀಳುವ ಹೊರೆ ₹71,000. ಮೊದಲ ವರ್ಷ ಹದಿನೆಂಟು ಸಾವಿರ ಮಾತ್ರ ಬಂದರೆ ಅದೇ ಹೊರೆ ಕಾರಿಗೆ ₹3,57,000 ಆಗುತ್ತದೆ. ಕಾರು ಅದೇ, ಬ್ಯಾಟರಿ ಅದೇ, ಮಾರಾಟದ ಬೆಲೆಯೂ ಅದೇ. ಲಾಭ ಹೋಗಿ ನಷ್ಟ ಬರಲು ಸಂಖ್ಯೆಯೊಂದು ಕಡಿಮೆಯಾದರೆ ಸಾಕು. ಇದರ ಮೇಲೆ ಮೂರು ಶಿಫ್ಟಿಗೆಂದು ನೇಮಿಸಿಕೊಂಡ ಸಿಬ್ಬಂದಿಯ ಸಂಬಳ, ಸರಬರಾಜುದಾರರು ಹಾಕಿಕೊಂಡ ಯಂತ್ರಗಳ ನಷ್ಟದ ಪಾಲು ಬೇರೆ.

ಹಣ ಸುರಿದರೆ ಸಮಯ ಉಳಿಯುವುದಿಲ್ಲವೇ ಎಂಬ ಪ್ರಶ್ನೆಗೆ ಅಮೆರಿಕದ ಮತ್ತೊಂದು ಎಲೆಕ್ಟ್ರಿಕ್ ವಾಹನ ಕಂಪನಿ ರಿವಿಯನ್ ಉತ್ತರ ಕೊಡುತ್ತದೆ. 2021ರ ನವೆಂಬರಿನಲ್ಲಿ ಷೇರುಪೇಟೆಗೆ ಬಂದಾಗ ಅದು ಎತ್ತಿದ ಹಣ ಸುಮಾರು 1,190 ಕೋಟಿ ಡಾಲರ್. 2022ರಲ್ಲಿ ಐವತ್ತು ಸಾವಿರ ವಾಹನ ಎಂಬ ಆಲೋಚನೆಯಿತ್ತು. ಚಿಪ್ ಮತ್ತಿತರ ಭಾಗಗಳ ಕೊರತೆಯಿಂದ ಗುರಿಯನ್ನು ಇಪ್ಪತ್ತೈದು ಸಾವಿರಕ್ಕೆ ಇಳಿಸಿದರು. ಕೊನೆಗೆ ಬಂದದ್ದು 24,337. ಆ ವರ್ಷದ ನಷ್ಟ 675 ಕೋಟಿ ಡಾಲರ್. ಬ್ಯಾಂಕಿನಲ್ಲಿದ್ದ ಹಣ ಕಂಪನಿಯನ್ನು ಉಳಿಸಿತು, ಆದರೆ ಉತ್ಪಾದನೆಯ ವೇಗವನ್ನು ಹೆಚ್ಚಿಸಲಿಲ್ಲ.

ಹಾಗಾದರೆ ಏನು ವೇಗ ಹೆಚ್ಚಿಸುತ್ತದೆ? ಒಮ್ಮೆ ಮಾಡಿ ಕಲಿತಿರುವುದು. ಟೆಸ್ಲಾ ಶಾಂಘೈನಲ್ಲಿ 2019ರ ಜನವರಿ 7ರಂದು ಗುದ್ದಲಿ ಪೂಜೆ ಮಾಡಿ, ಅದೇ ವರ್ಷ ಡಿಸೆಂಬರ್ 30ರಂದು ಅಲ್ಲಿ ತಯಾರಾದ ಮೊದಲ ಕಾರುಗಳನ್ನು ತನ್ನ ನೌಕರರಿಗೆ ಕೊಟ್ಟಿತು. ಚೀನಾದ ಗುತ್ತಿಗೆದಾರರ ವೇಗ, ಸ್ಥಳೀಯ ಆಡಳಿತದ ಬೆಂಬಲ, ಅಲ್ಲಿನ ಬ್ಯಾಂಕುಗಳ ಸಾಲ ಇವೆಲ್ಲವೂ ನೆರವಾದವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ನನ್ನ ಮಟ್ಟಿಗೆ ಮುಖ್ಯ ಕಾರಣವೆಂದರೆ ಅಲ್ಲಿ ಮಾಡಿದ್ದು ಹೊಸ ಕಾರಲ್ಲ. ಯಾವ ರೋಬೋಟ್ ಬೇಡ, ಯಾವ ಚಾಪೆ ಬೇಡ ಎಂಬುದು ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರ್ ಕಳೆದುಕೊಂಡು ಕಲಿತ ಪಾಠ. ಶಾಂಘೈಗೆ ಅದು ಪುಕ್ಕಟೆಯಾಗಿ ಸಿಕ್ಕಿತು. ಅಷ್ಟೇ ಸಾಮರ್ಥ್ಯಕ್ಕೆ ಅಲ್ಲಿ ತಗುಲಿದ ಬಂಡವಾಳ ಅಮೆರಿಕದಲ್ಲಿ ತಗುಲಿದ್ದರ ಅರ್ಧಕ್ಕಿಂತ ಕಡಿಮೆ ಎಂದು ಕಂಪನಿಯೇ ಹೇಳಿಕೊಂಡಿತು. ಇನ್ನು ಆ ಐದು ಲಕ್ಷದ ಗುರಿ: 2020ರಲ್ಲಿ ಟೆಸ್ಲಾ ತಯಾರಿಸಿದ ಕಾರುಗಳು 5,09,737. ಅಂದರೆ ಮೊದಲು ಹೇಳಿದ್ದ ವರ್ಷದಲ್ಲೇ ಗುರಿ ಮುಟ್ಟಿತು. ಎರಡು ವರ್ಷ ಹಿಂದಕ್ಕೆ ಎಳೆಯಲು ಹೋದದ್ದು ಮಾತ್ರ ಫಲಿಸಲಿಲ್ಲ.

ತಡವಾಗುವುದರಿಂದ ಮಾತ್ರವಲ್ಲ, ಬೇಗ ಹೊರಡುವುದರಿಂದಲೂ ನಷ್ಟವುಂಟು, ಇದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಚೇತನ್ ಮೈನಿ ಅವರ ರೇವಾ ಎಂಬ ಎಲೆಕ್ಟ್ರಿಕ್ ಕಾರು 2001ರಲ್ಲಿ ಇಲ್ಲಿ ಮಾರುಕಟ್ಟೆಗೆ ಬಂದಾಗ ಟೆಸ್ಲಾ ಎಂಬ ಕಂಪನಿಯೇ ಹುಟ್ಟಿರಲಿಲ್ಲ. ಎರಡು ಬಾಗಿಲಿನ ಆ ಗಿಡ್ಡ ಕಾರು ನಮ್ಮ ರಸ್ತೆಗಳಲ್ಲಿ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತರೆ ಜನ ಬೆಚ್ಚುತ್ತಿದ್ದರು. ಅದರಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರ್. ಲಂಡನ್ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿದರೂ, ಹತ್ತು ವರ್ಷಗಳಲ್ಲಿ ಎಲ್ಲ ದೇಶಗಳೂ ಸೇರಿ ಮಾರಾಟವಾದದ್ದು ನಾಲ್ಕು ಸಾವಿರದ ಆಸುಪಾಸು. 2010ರಲ್ಲಿ ಮಹೀಂದ್ರ ಅದರ ಬಹುಪಾಲು ಷೇರು ಕೊಂಡಿತು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ ಮೂವತ್ತು ಸಾವಿರ ಕಾರಿನ ಸಾಮರ್ಥ್ಯದ ಕಾರ್ಖಾನೆ ತೆರೆಯಿತು. ಮರುವರ್ಷ ಬಂದ ಇ2ಒ ಕಾರಿನ ಮಾರಾಟ ಆ ಸಾಮರ್ಥ್ಯದ ಹತ್ತಿರಕ್ಕೂ ಸುಳಿಯಲಿಲ್ಲ. ಅಲ್ಲಿ ಎಂಜಿನಿಯರುಗಳ ತಪ್ಪೇನೂ ಇರಲಿಲ್ಲ. ಬ್ಲೂಮ್‌ಬರ್ಗ್ ಎನ್‌ಇಎಫ್ ಸಮೀಕ್ಷೆಗಳ ಪ್ರಕಾರ 2010ರಲ್ಲಿ ಲಿಥಿಯಂ ಬ್ಯಾಟರಿಯ ಬೆಲೆ ಒಂದು ಯೂನಿಟ್ ವಿದ್ಯುತ್ ಹಿಡಿಯುವ ಸಾಮರ್ಥ್ಯಕ್ಕೆ ಸಾವಿರ ಡಾಲರಿಗೂ ಮೇಲಿತ್ತು. 2024ರಲ್ಲಿ ಅದು 115 ಡಾಲರ್. (ನಾನಿಲ್ಲಿ ಯೂನಿಟ್ ಎನ್ನುವುದು ಬೆಸ್ಕಾಂ ಬಿಲ್ಲಿನಲ್ಲಿ ನೀವು ಕಾಣುವ ಅದೇ ಯೂನಿಟ್.) ನಡುವೆ 2022ರಲ್ಲಿ ಲಿಥಿಯಂ ದುಬಾರಿಯಾಗಿ ಬೆಲೆ ಏರಿ 151 ಡಾಲರ್ ಆದದ್ದೂ ಉಂಟು. ಕಾದು ಕುಳಿತರೆ ಬ್ಯಾಟರಿ ಅಗ್ಗವಾಗುತ್ತದೆ, ಆದರೆ ಎಲ್ಲರೂ ಕಾದು ಕುಳಿತರೆ ಅದು ಅಗ್ಗವಾಗುವುದೇ ಇಲ್ಲ. ಯಾರೋ ಒಬ್ಬರು ಮಾಡಿ ಮಾಡಿ ಕಲಿತರಷ್ಟೇ ಬೆಲೆ ಇಳಿಯುವುದು. ವಿಮಾನ ತಯಾರಿಕೆಯಲ್ಲಿ ಒಟ್ಟು ಉತ್ಪಾದನೆ ಇಮ್ಮಡಿಯಾದಾಗಲೆಲ್ಲ ಕೂಲಿಯ ವೆಚ್ಚ ನೂರಕ್ಕೆ ಇಪ್ಪತ್ತರಷ್ಟು ಇಳಿಯುತ್ತದೆಂದು ಅಮೆರಿಕದ ಎಂಜಿನಿಯರ್ ಥಿಯೊಡೋರ್ ರೈಟ್ 1936ರಲ್ಲೇ ಗುರುತಿಸಿದ್ದರು.

ಹಾಗೆ ಮಾಡಿ ಕಲಿತವರ ಪೈಕಿ ಚೀನಾದ ಬಿವೈಡಿಯನ್ನು ಹೆಸರಿಸದೆ ಮುಂದೆ ಹೋಗಲಾಗದು. 1995ರಲ್ಲಿ ಬ್ಯಾಟರಿ ಕಂಪನಿಯಾಗಿ ಹುಟ್ಟಿದ ಅದು ಜಪಾನಿನ ದುಬಾರಿ ಸ್ವಯಂಚಾಲಿತ ಯಂತ್ರಗಳನ್ನು ಕೊಳ್ಳಲಾರದೆ, ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸರಳವಾದ ಜಿಗ್‌ಗಳನ್ನು ಕೊಟ್ಟು ಕೈಯಿಂದ ಮಾಡಿಸಿತು. ಕಾರಿಗೆ ಕೈ ಹಾಕಿದ್ದು 2003ರಲ್ಲಿ. 2020ರಲ್ಲಿ ಅದರ ಎಲೆಕ್ಟ್ರಿಕ್ ಮತ್ತು ಪ್ಲಗ್-ಇನ್ ಹೈಬ್ರಿಡ್ (ಚಾರ್ಜ್ ಮಾಡುವ ಬ್ಯಾಟರಿಯ ಜೊತೆಗೆ ಎಂಜಿನ್ನೂ ಇರುವ) ವಾಹನಗಳ ಮಾರಾಟ ಎರಡು ಲಕ್ಷಕ್ಕಿಂತ ಕಡಿಮೆ; 2024ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಹೆಚ್ಚು. ನಾಲ್ಕು ವರ್ಷಗಳ ಈ ಜಿಗಿತವನ್ನು ಕಂಡು ಬೆರಗಾಗುವವರು ಅದರ ಹಿಂದಿನ ಇಪ್ಪತ್ತೈದು ವರ್ಷಗಳ ತೆವಳುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಭಾರತದ ಮಟ್ಟಿಗೆ ಇವತ್ತಿನ ದೊಡ್ಡ ಅಡಚಣೆ ಸೆಲ್. ಕಾರು ಜೋಡಿಸುವ ವಿದ್ಯೆ ನಮಗೆ ಹೊಸದಲ್ಲ, ಬ್ಯಾಟರಿಯ ಪೆಟ್ಟಿಗೆ ಕಟ್ಟುವುದನ್ನೂ ಕಲಿತಿದ್ದೇವೆ, ಒಳಗಿನ ಸೆಲ್ ಮಾತ್ರ ಬಹುಪಾಲು ಹೊರಗಿನಿಂದ ಬರುತ್ತದೆ. ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ₹18,100 ಕೋಟಿಯ ಪ್ರೋತ್ಸಾಹಧನ ಘೋಷಿಸಿ 50 ಗಿಗಾವ್ಯಾಟ್ ಅವರ್ ಸಾಮರ್ಥ್ಯದ ಸೆಲ್ ಕಾರ್ಖಾನೆಗಳನ್ನು ಬಯಸಿತು. ನಾಲ್ಕು ವರ್ಷ ಕಳೆದಾಗ ಅದರ ತೀರಾ ಸಣ್ಣ ಪಾಲು ಮಾತ್ರ ಉತ್ಪಾದನೆಗೆ ಬಂದಿತ್ತು. ಒಂದು ಗಿಗಾವ್ಯಾಟ್ ಅವರ್ ಎಂದರೆ ಹತ್ತು ಲಕ್ಷ ಯೂನಿಟ್; ನಲವತ್ತು ಯೂನಿಟ್ ಬ್ಯಾಟರಿಯ ಇಪ್ಪತ್ತೈದು ಸಾವಿರ ಕಾರುಗಳಿಗೆ ಸಾಕಾಗುವಷ್ಟು. ದೇವನಹಳ್ಳಿ ಬಳಿಯ ಹರಳೂರಿನಲ್ಲಿ ಎಕ್ಸೈಡ್ 2022ರಲ್ಲಿ ಘೋಷಿಸಿದ 12 ಗಿಗಾವ್ಯಾಟ್ ಅವರ್ ಯೋಜನೆಗೆ ಸುಮಾರು ₹6,000 ಕೋಟಿ ಎಂಬ ಅಂದಾಜಿತ್ತು. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ವರ್ಷಕ್ಕೆ ಒಂದೊಂದು ಹೆಚ್ಚುವರಿ ಕಾರು ಬೇಕೆಂದರೆ ಸೆಲ್ ಕಾರ್ಖಾನೆಯಲ್ಲಿ ಮಾತ್ರವೇ ಎರಡು ಲಕ್ಷ ರೂಪಾಯಿ ಹೂಡಿರಬೇಕು, ಕಾರಿನ ಕಾರ್ಖಾನೆಯ ಖರ್ಚು ಬೇರೆ.

ಸೆಲ್ ತಯಾರಿಕೆಯಲ್ಲಿ ಕಲಿಕೆ ನಿಧಾನವಾಗುವುದಕ್ಕೆ ವಿಶೇಷವಾದ ಒಂದು ಕಾರಣವಿದೆ. ರಾಸಾಯನಿಕಗಳನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಕೂದಲೆಳೆಗಿಂತ ತೆಳುವಾದ ತಾಮ್ರ ಮತ್ತು ಅಲ್ಯೂಮಿನಿಯಂ ಹಾಳೆಗಳ ಮೇಲೆ ಒಂದೇ ಸಮನಾಗಿ ಬಳಿದು, ಒಣಗಿಸಿ, ಒತ್ತಿ, ಸುತ್ತಿ, ಗಾಳಿಯಲ್ಲಿ ತೇವವೇ ಇಲ್ಲದ ಕೋಣೆಯಲ್ಲಿ ದ್ರಾವಣ ತುಂಬಿ ಮುಚ್ಚುತ್ತಾರೆ. ಆಮೇಲೆ ಮೊದಲ ಚಾರ್ಜ್ ಕೊಟ್ಟು, ಎಷ್ಟೋ ದಿನ, ಕೆಲವು ಸಲ ಎರಡು ಮೂರು ವಾರ, ಸುಮ್ಮನೆ ಇಟ್ಟು ಯಾವುದರ ಚಾರ್ಜ್ ತಾನಾಗಿ ಇಳಿಯುತ್ತದೆ ಎಂದು ನೋಡುತ್ತಾರೆ. ಅಂದರೆ ಸೋಮವಾರ ಹಿಟ್ಟು ಕಲಸುವಾಗ ಆದ ತಪ್ಪು ಗೊತ್ತಾಗುವುದು ಮುಂದಿನ ಪಕ್ಷದಲ್ಲಿ. ಅಷ್ಟರಲ್ಲಿ ಅದೇ ತಪ್ಪಿನಿಂದ ಲಕ್ಷಾಂತರ ಸೆಲ್ ಆಗಿಹೋಗಿರುತ್ತವೆ. ಸ್ವೀಡನ್ನಿನ ನಾರ್ತ್‌ವೋಲ್ಟ್ 2021ರ ಕೊನೆಯಲ್ಲಿ ತನ್ನ ಮೊದಲ ಸೆಲ್ ಮಾಡಿ ತೋರಿಸಿತು. ಮೊದಲ ಹಂತಕ್ಕೆ ಇಟ್ಟುಕೊಂಡಿದ್ದ ಗುರಿ 16 ಗಿಗಾವ್ಯಾಟ್ ಅವರ್. ಎರಡು ವರ್ಷಗಳ ನಂತರವೂ ಅದರಿಂದ ಒಂದು ಗಿಗಾವ್ಯಾಟ್ ಅವರ್ ಸೆಲ್ ಬರಲಿಲ್ಲ. 2024ರಲ್ಲಿ ಬಿಎಂಡಬ್ಲ್ಯು 200 ಕೋಟಿ ಯೂರೋ ಆರ್ಡರನ್ನು ಹಿಂತೆಗೆದುಕೊಂಡಿತು, 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಈಗ ನಿಮ್ಮ ಕಾರಿನ ವಿಚಾರ. ಶೋರೂಮಿನವರನ್ನು ತಾರೀಖು ಕೇಳುವ ಬದಲು ಬೇರೆ ಎರಡು ಸಂಗತಿ ಕೇಳಿ ನೋಡಿ. ನೀವು ಬಯಸಿದ ಮಾದರಿ ಮತ್ತು ಬ್ಯಾಟರಿಯ ಗಾತ್ರದ ಎಷ್ಟು ಕಾರುಗಳು ಕಳೆದ ಮೂರು ತಿಂಗಳಲ್ಲಿ ತಿಂಗಳು ತಿಂಗಳಿಗೆ ನಿಮ್ಮ ಜಿಲ್ಲೆಗೆ ಬಂದಿವೆ, ಮತ್ತು ನಿಮ್ಮ ಮುಂದೆ ಸಾಲಿನಲ್ಲಿ ಎಷ್ಟು ಜನ ಇದ್ದಾರೆ. ತಿಂಗಳಿಗೆ ಎರಡು, ಐದು, ಹನ್ನೊಂದು ಎಂಬ ರೀತಿಯಲ್ಲಿ ಸಂಖ್ಯೆ ಏರುತ್ತಿದ್ದರೆ ಲೈನು ತೆವಳುವ ಹಂತ ದಾಟಿದೆ, ನಿಮ್ಮ ಸರದಿ ನೀವು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ. ನಾಲ್ಕು, ಮೂರು, ನಾಲ್ಕು ಎಂದು ನಿಂತಲ್ಲೇ ನಿಂತಿದ್ದರೆ ಯಾವುದೋ ಒಂದು ಭಾಗ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಆಗ ಮೂರನೆಯ ತಾರೀಖನ್ನೂ ನೆಚ್ಚಿಕೊಳ್ಳಬೇಡಿ. ಒಂದು ವಿಷಯ ಗಮನದಲ್ಲಿರಲಿ: ಆರಂಭದ ದಿನಗಳಲ್ಲಿ ಕಂಪನಿಗಳು ಹೆಚ್ಚು ಬೆಲೆಯ ಮಾದರಿಗಳನ್ನೇ ಮೊದಲು ಕಟ್ಟುತ್ತವೆ, ಏಕೆಂದರೆ ಮೇಲೆ ಹೇಳಿದ ಹೊರೆಯನ್ನು ಹೊರಬಲ್ಲವು ಅವು ಮಾತ್ರ. ಮಾಡೆಲ್ 3ರ 35,000 ಡಾಲರಿನ ಮಾದರಿ ಮಾರಾಟಕ್ಕೆ ಬಂದದ್ದು 2019ರ ಫೆಬ್ರುವರಿ ಕೊನೆಯಲ್ಲಿ, ಘೋಷಣೆಯಾಗಿ ಹೆಚ್ಚುಕಡಿಮೆ ಮೂರು ವರ್ಷಗಳ ಮೇಲೆ. ನೀವು ಬುಕ್ ಮಾಡಿರುವುದು ಅತ್ಯಂತ ಅಗ್ಗದ ಮಾದರಿಯಾಗಿದ್ದರೆ, ಒಂದು ಮೆಟ್ಟಿಲು ಮೇಲಿನ ಮಾದರಿಗೆ ಬುಕಿಂಗ್ ಬದಲಿಸಿಕೊಂಡರೆ ಎಷ್ಟು ದಿನ ಉಳಿಯುತ್ತದೆ ಎಂದು ವಿಚಾರಿಸಿ. ಅಷ್ಟು ಹೆಚ್ಚು ಹಣ ಕೊಡಲು ಮನಸ್ಸಿಲ್ಲದಿದ್ದರೆ ಇರುವ ಕಾರನ್ನು ಮಾರುವ ಆತುರ ಈಗಲೇ ಬೇಡ.